ಚದುರಂಗದ ಮಣೆಗೆ ಯಾವ ಪ್ರಾಣಿ? ಆನೆ, ಒಂಟೆ, ಜೀಬ್ರಾ, ಜಿರಾಫೆ, ಗಿಡುಗ, ಸಿಂಹಗಳ ಹೋಲಿಕೆ

ನಮ್ಮ ಚದುರಂಗದ ಮಣೆಯಲ್ಲಿ ಆಗಲೇ ಮೂರು ಪ್ರಾಣಿಗಳಿವೆ. ಮೂಲೆಯಲ್ಲಿ ಆನೆ, ಅದರ ಪಕ್ಕ ಕುದುರೆ, ಆಮೇಲೆ ಒಂಟೆ. ಹೊಸ ಪ್ರಾಣಿ ಸೇರಿಸಿ ಆಡೋಣ ಎಂದು ಹೊರಟವರಿಗೆ ಮೊದಲ ಗೊಂದಲ ಇಲ್ಲೇ ಕಾದಿರುತ್ತದೆ. ಕನ್ನಡದಲ್ಲಿ ಆನೆ ಎಂದರೆ ನೇರ ಗೆರೆಯಲ್ಲಿ ಓಡುವ ಕಾಯಿ. ರಷ್ಯನ್ನರು ಆನೆ ಎನ್ನುವುದು ಓರೆಯಲ್ಲಿ ಓಡುವ ಕಾಯಿಗೆ, ಅಂದರೆ ನಮ್ಮ ಒಂಟೆಗೆ. ಚೀನಾದ ಚದುರಂಗ ಶಿಯಾಂಗ್‌ಚಿಯಲ್ಲಿ ಆನೆ ಮಣೆಯ ನಡುವಿನ ನದಿ ಎಂಬ ಗಡಿ ದಾಟುವಂತಿಲ್ಲ, ಕೊರಿಯಾದ ಚದುರಂಗ ಜಾಂಗಿಯ ಆನೆಗೆ ನದಿಯೇ ಇಲ್ಲ. ಸಿಂಹ ಎಂಬ ಹೆಸರಿನಲ್ಲಿ ಒಂದು ಆಟದಲ್ಲಿ ರಾಜ ಕೂತಿದ್ದರೆ, ಇನ್ನೊಂದರಲ್ಲಿ ರಾಣಿಯನ್ನೂ ಮೀರಿಸುವ ಕಾಯಿ ಇದೆ. ಹಾಗಾಗಿ ಪ್ರಾಣಿಯ ಹೆಸರು ನೋಡಿ ಕಾಯಿ ಆರಿಸಬಾರದು, ಅದರ ನಡೆ ನೋಡಿ ಆರಿಸಬೇಕು.

ಸಾಮಾನ್ಯ 8×8 ಮಣೆ ಮತ್ತು ಒಂದು ಸೆಟ್ ಮನೆಯಲ್ಲಿದ್ದು, ಅದಕ್ಕೆ ಒಂದೆರಡು ಪ್ರಾಣಿಗಳನ್ನು ಸೇರಿಸಬೇಕು ಎನ್ನುವವರಿಗಾಗಿ ಈ ಬರಹ. ಬರಹದುದ್ದಕ್ಕೂ ಹಳೆಯ ಕಾಯಿಗಳನ್ನು ರಾಜ, ರಾಣಿ, ರಥ, ಬಿಷಪ್, ಕುದುರೆ, ಕಾಲಾಳು ಎಂದೇ ಕರೆಯುತ್ತೇವೆ. ಆನೆ, ಒಂಟೆ ಎನ್ನುವುದು ಹೊಸ ಕಾಯಿಗಳಿಗೆ ಮಾತ್ರ. ನೀವೂ ಆಡಲು ಕೂರುವ ಮೊದಲು ಇದೇ ಒಪ್ಪಂದ ಮಾಡಿಕೊಳ್ಳಿ. ಇಲ್ಲದಿದ್ದರೆ "ಆನೆ ಹೊಡೆದೆ" ಎಂದಾಗ ಯಾವ ಆನೆ ಎಂಬ ಜಗಳ ಮೂರನೇ ನಡೆಗೇ ಶುರುವಾಗುತ್ತದೆ.

ಆರಿಸುವ ಮೊದಲು ನೋಡಬೇಕಾದ್ದು

ಯಾವ ಪ್ರಾಣಿಯಾದರೂ ಮೂರು ವಿಷಯ ಪರೀಕ್ಷಿಸಿ. ಮೊದಲನೆಯದು ಬಣ್ಣ: ಕಾಯಿ ಕಪ್ಪು ಮನೆಯಿಂದ ಬಿಳಿ ಮನೆಗೆ ಹೋಗಬಲ್ಲದೇ? ಜಿಗಿಯುವ ಕಾಯಿಗಳಿಗೆ ಸುಲಭದ ಲೆಕ್ಕವಿದೆ. ಕುದುರೆ ಒಂದು ಕಡೆಗೆ 1 ಮನೆ, ಅದಕ್ಕೆ ಅಡ್ಡಲಾಗಿ 2 ಮನೆ ಜಿಗಿಯುತ್ತದೆ. ಎರಡನ್ನೂ ಕೂಡಿದರೆ 3, ಬೆಸ ಸಂಖ್ಯೆ. ಹಾಗಾಗಿ ಪ್ರತಿ ನಡೆಗೂ ಬಣ್ಣ ಬದಲಾಗುತ್ತದೆ. ಮೊತ್ತ ಸಮ ಸಂಖ್ಯೆ ಬಂದರೆ ಆ ಕಾಯಿ ಹುಟ್ಟಿದ ಬಣ್ಣದಲ್ಲೇ ಸಾಯಬೇಕು, ಅರ್ಧ ಮಣೆ ಅದಕ್ಕೆ ಇಲ್ಲವೇ ಇಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ 64 ಮನೆಗಳನ್ನೂ ಒಂದೊಂದು ಸಲ ಮುಟ್ಟಿ ಬರುವ ನಡೆಗಟ್ಟುಗಳನ್ನು ರಚಿಸಿದವರು. ಅಂಥ ಸಂಚಾರ ಸಮಮೊತ್ತದ ಪ್ರಾಣಿಯಿಂದ ಸಾಧ್ಯವೇ ಇಲ್ಲ. ಹೆಚ್ಚೆಂದರೆ 32 ಮನೆ.

ಎರಡನೆಯದು ಜಿಗಿತ. ನಡುವೆ ಕಾಯಿ ಇದ್ದರೆ ಹಾರಿ ಹೋಗುತ್ತದೆಯೇ, ನಿಂತುಬಿಡುತ್ತದೆಯೇ? ಹಾರುವ ಕಾಯಿ ಚೆಕ್ ಕೊಟ್ಟರೆ ನಡುವೆ ಕಾಯಿ ಇಟ್ಟು ತಡೆಯಲಾಗದು. ಆಟದ ಆರಂಭದಲ್ಲಿ ರಾಜನ ಸುತ್ತ ಅವನದೇ ಕಾಯಿಗಳು ತುಂಬಿಕೊಂಡಿರುವಾಗ ಇದು ಎಷ್ಟು ಅಪಾಯ ಎನ್ನುವುದನ್ನು ಮುಂದೆ ನಡೆ ಸಮೇತ ನೋಡೋಣ.

ಮೂರನೆಯದು ಮಣೆಯ ಅಳತೆ. ದೂರ ಜಿಗಿಯುವ ಪ್ರಾಣಿಗೆ ದೊಡ್ಡ ಮಣೆ ಬೇಕು. ಕುದುರೆಗೆ 8×8 ಮಣೆಯ ನಡುವಿನ 16 ಮನೆಗಳಲ್ಲಿ ಎಲ್ಲಿ ನಿಂತರೂ ಎಂಟೂ ನಡೆಗಳು ಸಿಗುತ್ತವೆ. ಬೇರೆ ಜಿಗಿಯುವ ಕಾಯಿಗಳನ್ನು ಈ 16ರ ಜೊತೆ ಹೋಲಿಸಿ ಅಳೆಯಿರಿ.

ಆನೆಗಳು: ಒಂದೇ ಹೆಸರು, ಆರು ನಡೆ

ಆಯ್ಕೆ ಹೆಚ್ಚಿರುವುದೂ, ತಪ್ಪು ಹೆಚ್ಚಾಗುವುದೂ ಆನೆಯಲ್ಲೇ.

ಪರ್ಷಿಯಾ, ಅರಬ್ ನಾಡುಗಳ ಹಳೆಯ ಶತ್ರಂಜಿನ ಆನೆ ಓರೆಯಲ್ಲಿ ಸರಿಯಾಗಿ ಎರಡನೇ ಮನೆಗೆ ಜಿಗಿಯುತ್ತದೆ. ಪಕ್ಕದ ಮನೆಗೆ ಹೋಗುವಂತಿಲ್ಲ, ಮೂರನೆಯದಕ್ಕೂ ಇಲ್ಲ. ಸಿ1ರಲ್ಲಿ (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎ–ಎಚ್, ಕೆಳಗಿನಿಂದ ಮೇಲಕ್ಕೆ 1–8) ಶುರುವಾದ ಆನೆ ಇಡೀ ಆಟದಲ್ಲಿ ಮುಟ್ಟಬಲ್ಲದ್ದು ಎಂಟೇ ಮನೆ: ಸಿ1, ಜಿ1, ಎ3, ಇ3, ಸಿ5, ಜಿ5, ಎ7, ಇ7. ಎರಡೂ ಕಡೆಯ ನಾಲ್ಕು ಆನೆಗಳಿಗೂ ಬೇರೆ ಬೇರೆ ಎಂಟು ಮನೆ. ಆದ್ದರಿಂದ ಆನೆ ಆನೆಯನ್ನು ಎಂದೂ ಹೊಡೆಯಲಾರದು. ಇತಿಹಾಸದ ಆಟವನ್ನು ಇದ್ದ ಹಾಗೇ ಆಡಿ ನೋಡಬೇಕು ಎನ್ನುವವರಿಗೆ ಮಾತ್ರ ಈ ಆನೆ. ರಾಣಿಯೂ ಬಿಷಪ್ಪೂ ವೇಗವಾಗಿರುವ ಇಂದಿನ ಆಟಕ್ಕೆ ಇದನ್ನು ತಂದರೆ ಹತ್ತು ನಡೆಯೊಳಗೆ ಮರೆತುಹೋದ ಕಾಯಿಯಾಗಿ ಮೂಲೆ ಸೇರುತ್ತದೆ.

ಐದು ನಡೆಯ ಆನೆಯದು ಬೇರೆಯೇ ರೀತಿ. ನಾಲ್ಕೂ ಓರೆಗಳಿಗೆ ಒಂದೊಂದು ಮನೆ, ಜೊತೆಗೆ ನೇರ ಮುಂದಕ್ಕೆ ಒಂದು ಮನೆ. ನಾಲ್ಕು ಕಾಲು, ಒಂದು ಸೊಂಡಿಲು! ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ ಭಾರತದ ಆಟವನ್ನು ವಿವರಿಸುವಾಗ ಇದೇ ಹೋಲಿಕೆ ಕೊಟ್ಟಿದ್ದಾನೆ. ಬರ್ಮಾದ ಸಿಟ್ಟುಯಿನ್‌ನಲ್ಲಿ ಆನೆ ಇಂದಿಗೂ ಹೀಗೇ ನಡೆಯುತ್ತದೆ. ಥಾಯ್ಲೆಂಡಿನ ಮಕ್ರುಕ್‌ನಲ್ಲಿ ಇದೇ ನಡೆಯ ಕಾಯಿಗೆ ಖೋನ್ ಎಂದು ಹೆಸರು. ಮುಂದಿನ ಒಂದು ಹೆಜ್ಜೆಯಿಂದಾಗಿ ಬಣ್ಣ ಬದಲಾಗುತ್ತದೆ, ಮಣೆಯ ಯಾವ ಮನೆಯೂ ನಿಷಿದ್ಧವಲ್ಲ. ಮಕ್ಕಳಿಗೆ ಸೊಂಡಿಲು, ಕಾಲು ಎಂದು ಹೇಳಿಕೊಟ್ಟರೆ ಒಂದೇ ಸಲಕ್ಕೆ ನೆನಪಿರುತ್ತದೆ. ಕೊರತೆ ಎಂದರೆ ನಿಧಾನ: ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಏಳು ನಡೆ ಬೇಕು. ಇದನ್ನು ಸೇರಿಸುವುದಾದರೆ ರಾಣಿಯನ್ನೂ ಓರೆಗೆ ಒಂದೇ ಮನೆ ನಡೆಯುವ ಹಳೆಯ ಮಂತ್ರಿಯಾಗಿಸಿ. ಆಗ ಆಟದ ವೇಗ ಆನೆಗೆ ಹೊಂದುತ್ತದೆ. ಬರೀ ಬಿಷಪ್ ತೆಗೆದು ಇದನ್ನಿಟ್ಟರೆ ರಾಣಿಯ ಎದುರು ಅದು ಏನೂ ಅಲ್ಲ.

ಚೀನಾದ ಆನೆಯೂ ಓರೆಯಲ್ಲಿ ಸರಿಯಾಗಿ ಎರಡು ಹೆಜ್ಜೆ. ಆದರೆ ನಡುವಿನ ಬಿಂದುವಿನಲ್ಲಿ (ಅಲ್ಲಿ ಕಾಯಿ ನಿಲ್ಲುವುದು ಗೆರೆಗಳು ಕೂಡುವ ಬಿಂದುಗಳಲ್ಲಿ) ಯಾವುದೇ ಕಾಯಿ ಇದ್ದರೆ ನಡೆ ಇಲ್ಲ. ಅದನ್ನು ಆನೆಯ ಕಣ್ಣು ಮುಚ್ಚುವುದು ಎನ್ನುತ್ತಾರೆ. ನದಿ ದಾಟುವಂತಿಲ್ಲವಾದ್ದರಿಂದ ಅದು ನಿಲ್ಲಬಲ್ಲ ಬಿಂದುಗಳು ಏಳೇ. ಇದು ಕಾವಲಿನ ಕಾಯಿ. ರಾಜ ಅರಮನೆಯೊಳಗೇ ಇರಬೇಕಾದ 9×10 ಮಣೆಯಲ್ಲಿ ಇದಕ್ಕೆ ಅರ್ಥವಿದೆ. ರಾಜ ಎಲ್ಲಿಗೆ ಬೇಕಾದರೂ ಹೋಗುವ ನಮ್ಮ ಮಣೆಗೆ ಇದನ್ನು ತರಬೇಡಿ. ಜಾಂಗಿಯ ಆನೆ ಒಂದು ಹೆಜ್ಜೆ ನೇರ ಇಟ್ಟು, ಅಲ್ಲಿಂದ ಅದೇ ದಿಕ್ಕಿನ ಓರೆಗೆ ಎರಡು ಹೆಜ್ಜೆ ಹೋಗುತ್ತದೆ. ದಾರಿಯ ಎರಡು ಬಿಂದುಗಳಲ್ಲಿ ಯಾವುದು ಮುಚ್ಚಿದರೂ ನಿಂತಿತು. ಕಾಲಾಳುಗಳು ಸಾಲಾಗಿ ಅಂಟಿಕೊಂಡು ನಿಲ್ಲುವ 8×8 ಮಣೆಯಲ್ಲಿ ಇದು ಬಹುಹೊತ್ತು ಕಟ್ಟಿಹಾಕಿದ ಆನೆಯೇ.

8×8 ಮಣೆಗೆ ನಿಜವಾಗಿ ಹೊಂದುವುದು ಇನ್ನೆರಡು. ಒಂದು ಓರೆಯಲ್ಲಿ ಒಂದು ಮನೆ ನಡೆಯುವ ಅಥವಾ ಎರಡನೆಯದಕ್ಕೆ ಹಾರುವ ಆನೆ. ಜಾನ್ ಲೂಯಿ ಕಾಜೋ 1990ರಲ್ಲಿ ರಚಿಸಿದ 10×10 ಮಣೆಯ ಶಾಕೋ ಆಟದಲ್ಲಿ ಇದೇ ಇದೆ. ಇನ್ನೊಂದು ನೇರಕ್ಕೆ ಒಂದು ಮನೆ ನಡೆಯುವ ಅಥವಾ ಓರೆಯಲ್ಲಿ ಎರಡನೆಯದಕ್ಕೆ ಹಾರುವ ಕಾಯಿ. ಜಪಾನಿನ ಚದುರಂಗದ ಒಂದು ಬಗೆಯಾದ ಚೂ ಶೋಗಿಯಲ್ಲಿ ಈ ಎರಡನೇ ನಡೆ ಇರುವುದು ಆನೆಗಲ್ಲ, ಫೀನಿಕ್ಸ್ ಪಕ್ಷಿಗೆ. ಎರಡಕ್ಕೂ ಮಣೆಯ ನಡುವೆ ಎಂಟೆಂಟು ನಡೆ, ಎರಡೂ ಕುದುರೆಯ ಆಸುಪಾಸಿನ ಬೆಲೆಯವು. ವ್ಯತ್ಯಾಸ ಬಣ್ಣದಲ್ಲಿದೆ. ಶಾಕೋ ಆನೆ ಒಂದೇ ಬಣ್ಣದಲ್ಲಿ ಉಳಿಯುತ್ತದೆ, ಎರಡನೆಯದು ನೇರ ಹೆಜ್ಜೆ ಇಟ್ಟಾಗಲೆಲ್ಲ ಬಣ್ಣ ಬದಲಿಸುತ್ತದೆ. ಬಿಷಪ್‌ಗಳ ಜಾಗದಲ್ಲಿ ಎರಡು ಆನೆ ಇಡುವುದಾದರೆ ಶಾಕೋ ಆನೆ ಸಾಕು, ಒಂದು ಕಪ್ಪಿಗೆ ಇನ್ನೊಂದು ಬಿಳಿಗೆ. ಒಂದೇ ಆನೆ ಸೇರಿಸುವುದಾದರೆ ಬಣ್ಣ ಬದಲಿಸುವ ಆನೆಯನ್ನೇ ಆರಿಸಿ. ಎರಡು ಬಗೆಯ ಆನೆಗಳೂ ಕಾಲಾಳು ಸರಿಸದೆಯೇ ಸಿ1ರಿಂದ ಎ3 ಅಥವಾ ಇ3ಕ್ಕೆ ಹಾರಿ ಹೊರಬರುತ್ತವೆ. ಆದರೆ ಇ3ಕ್ಕೆ ಮೊದಲೇ ಹಾರಿಸಿದರೆ ಇ2ರ ಕಾಲಾಳು ಹಿಂದೆ ಸಿಕ್ಕಿಕೊಳ್ಳುತ್ತದೆ. ಹೊಸಬರು ಹೆಚ್ಚಾಗಿ ಮಾಡುವ ತಪ್ಪು ಇದು. ಇ ಕಾಲಾಳನ್ನು ಎರಡು ಮನೆ ಮುಂದೂಡಿ, ಆಮೇಲೆ ಆನೆ ಹಾರಿಸಿ.

ಒಂಟೆ, ಜೀಬ್ರಾ, ಜಿರಾಫೆ: ಕುದುರೆಯ ದೂರದ ನೆಂಟರು

ಕುದುರೆಯದು 1-2 ಜಿಗಿತವಾದರೆ ಒಂಟೆಯದು 1-3, ಜೀಬ್ರಾದ್ದು 2-3, ಜಿರಾಫೆಯದು 1-4. ಒಂಟೆ, ಜಿರಾಫೆಗಳ ಹೆಸರು ಹಳೆಯದು. ತೈಮೂರನ ಹೆಸರು ಅಂಟಿಕೊಂಡಿರುವ 10×11 ಮಣೆಯ ದೊಡ್ಡ ಚದುರಂಗದಲ್ಲಿ ಎರಡೂ ಇದ್ದವು. ಅಲ್ಲಿನ ಜಿರಾಫೆ ಮಾತ್ರ ಬೇರೆ: ಓರೆಗೆ ಒಂದು ಮನೆ ಇಟ್ಟು, ಅಲ್ಲಿಂದ ನೇರಕ್ಕೆ ಕನಿಷ್ಠ ಮೂರು ಮನೆ ಸಾಗಬೇಕು, ದಾರಿಯಲ್ಲಿ ಯಾರೂ ಇರಬಾರದು. ಆ ಜಿರಾಫೆಗೆ ಹರಡಿದ ಮಣೆಯೇ ಬೇಕು.

ಒಂಟೆಯ ಮೊತ್ತ 4, ಸಮ, ಒಂದೇ ಬಣ್ಣ. 8×8 ಮಣೆಯಲ್ಲಿ ಎಂಟೂ ನಡೆ ಸಿಗುವುದು ಡಿ4, ಡಿ5, ಇ4, ಇ5 ಈ ನಾಲ್ಕೇ ಮನೆಗಳಲ್ಲಿ, ಮೂಲೆಯಲ್ಲಿ ಎರಡೇ. 10×10 ಮಣೆಗೆ ಹೋದರೆ ಎಂಟು ನಡೆಯ ಮನೆಗಳು 16 ಆಗುತ್ತವೆ, ಕುದುರೆಗೆ 8×8ರಲ್ಲಿ ಇರುವಷ್ಟೇ. ಒಂಟೆಯ ಸರಿಯಾದ ಮಣೆ ಯಾವುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಜೀಬ್ರಾಕ್ಕೂ ಅದೇ ನಾಲ್ಕು ಮನೆಗಳಲ್ಲಿ ಎಂಟು ನಡೆ, ಆದರೆ ಮೊತ್ತ 5 ಆದ್ದರಿಂದ ಬಣ್ಣದ ಕಟ್ಟಿಲ್ಲ. ಜಿರಾಫೆಗೆ 8×8ರಲ್ಲಿ ಎಲ್ಲಿ ನಿಂತರೂ ನಾಲ್ಕಕ್ಕಿಂತ ಹೆಚ್ಚು ನಡೆ ಸಿಗುವುದೇ ಇಲ್ಲ. ಬಲಕ್ಕೆ ನಾಲ್ಕು ಮನೆ ಇದ್ದರೆ ಎಡಕ್ಕೆ ಇರುವುದಿಲ್ಲ, ಮೇಲೆ ಇದ್ದರೆ ಕೆಳಗೆ ಇರುವುದಿಲ್ಲ. 10×10ರಲ್ಲೂ ಎಂಟು ನಡೆ ಸಿಗುವುದು ನಟ್ಟನಡುವಿನ ನಾಲ್ಕು ಮನೆಗಳಲ್ಲಿ. ಜಿರಾಫೆಯನ್ನು ಒಗಟು ಕಟ್ಟುವವರಿಗೆ ಬಿಡಿ.

ಈ ಮೂರರಲ್ಲಿ ಯಾವುದಾದರೂ ರಾಜನ ಜೊತೆ ಒಂಟಿಯಾಗಿ ಉಳಿದರೆ ಚೆಕ್‌ಮೇಟ್ ಆಗದು. ಮೂಲೆಯ ರಾಜನಿಗೆ ಚೆಕ್ ಕೊಡುವ ಜೊತೆಗೆ ಪಕ್ಕದ ಬೇರೆ ಬಣ್ಣದ ಮನೆಯನ್ನೂ ಕಾಯಬೇಕು. ಜಿಗಿಯುವ ಕಾಯಿ ಒಂದು ಕಡೆ ನಿಂತಾಗ ಒಂದೇ ಬಣ್ಣದ ಮನೆಗಳನ್ನು ಕಾಯುತ್ತದೆ. ಕುದುರೆಗಿರುವ ಕೊರತೆಯೇ ಇವಕ್ಕೂ.

ಇನ್ನು ಅಪಾಯದ ವಿಷಯ. ಎರಡೂ ಕಡೆ ಬಿಷಪ್ ತೆಗೆದು ಒಂಟೆ ಇಟ್ಟು ಆಡಿದರೆ ಎರಡೇ ನಡೆಯಲ್ಲಿ ಆಟ ಮುಗಿಯಬಹುದು. ಬಿಳಿಯ ಒಂಟೆ ಎಫ್1ರಿಂದ ಜಿ4ಕ್ಕೆ. ಕರಿಯ ಒಂಟೆ ಸಿ8ರಿಂದ ಬಿ5ಕ್ಕೆ ಬಂದಿತು ಎಂದುಕೊಳ್ಳಿ. ಬಿಳಿಯ ಒಂಟೆ ಜಿ4ರಿಂದ ಡಿ5ಕ್ಕೆ, ಚೆಕ್‌ಮೇಟ್. ಡಿ5ರಿಂದ ಇ8ಕ್ಕೆ 1-3 ಜಿಗಿತ. ರಾಜನ ಸುತ್ತಲಿನ ಡಿ8, ಎಫ್8, ಡಿ7, ಇ7, ಎಫ್7 ಐದೂ ಮನೆಗಳಲ್ಲಿ ಅವನವೇ ಕಾಯಿಗಳು, ನಡುವೆ ಏನನ್ನೂ ಇಡುವಂತಿಲ್ಲ, ಡಿ5ರ ಒಂಟೆಯನ್ನು ಹೊಡೆಯಬಲ್ಲ ಕಾಯಿ ಇಲ್ಲ. ಸಿ8ರ ಒಂಟೆ ಅಲ್ಲೇ ಇದ್ದಿದ್ದರೆ ಡಿ5ಕ್ಕೆ ಹಾರಿ ಹೊಡೆಯುತ್ತಿತ್ತು. ಹಾಗಾಗಿ ಒಂಟೆಯಾಟದಲ್ಲಿ ಹೊಸಬರಿಗೆ ಮೊದಲ ಪಾಠ: ರಾಣಿ ಪಕ್ಕದ ಒಂಟೆಯನ್ನು ಮೊದಲ ನಡೆಗೇ ಎಬ್ಬಿಸಬೇಡಿ.

ಜೀಬ್ರಾ ಇದಕ್ಕಿಂತ ಕಠೋರ. ಕುದುರೆಗಳ ಜಾಗದಲ್ಲಿ ಜೀಬ್ರಾ ಇಟ್ಟರೆ ಬಿಳಿ ಜಿ1ರಿಂದ ಡಿ3, ಡಿ3ರಿಂದ ಜಿ5, ಅಲ್ಲಿಂದ 2-3 ಜಿಗಿತದ ಚೆಕ್ ಇ8ರ ಮೇಲೆ. ಕರಿಯವರು ನಡುವಿನ ಒಂದು ನಡೆಯಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಅದೇ ಚೆಕ್‌ಮೇಟ್. ಡಿ7ರ ಕಾಲಾಳು ಸರಿಸಿ ರಾಜನಿಗೆ ದಾರಿ ಮಾಡೋಣ ಎಂದರೆ ಆಗದು, ಜಿ5ರ ಜೀಬ್ರಾ ಡಿ7ನ್ನೂ ಕಾಯುತ್ತಿರುತ್ತದೆ. ಕೆಲಸಕ್ಕೆ ಬರುವುದು ಇ ಕಾಲಾಳನ್ನು ಸರಿಸುವುದು (ರಾಣಿಗೆ ಜಿ5ರ ದಾರಿ ತೆರೆಯುತ್ತದೆ), ಎಫ್ ಕಾಲಾಳನ್ನು ಸರಿಸುವುದು, ಇಲ್ಲವೇ ಎಚ್6. ಮೊದಲ ನಡೆಗೇ ಇಂಥ ಬೆದರಿಕೆ ಇರುವ ಜೋಡಣೆಯನ್ನು ಹೊಸಬರ ಮುಂದೆ ಇಡುವುದು ಸರಿಯಲ್ಲ. ಒಂಟೆ, ಜೀಬ್ರಾ ಬೇಕೇ ಬೇಕು ಎನ್ನುವವರು 10×10 ಮಣೆ ಬರೆದುಕೊಳ್ಳಿ, ಅಥವಾ ಮುಂದೆ ಹೇಳುವ ಸೈರವಾನ್ ಪದ್ಧತಿಯಂತೆ ಅವನ್ನು ಹೊರಗಿಟ್ಟು ಆಮೇಲೆ ಒಳತನ್ನಿ. ಆಗ ಅವು ಮಣೆಗೆ ಬರುವ ಹೊತ್ತಿಗೆ ರಾಜನ ಸುತ್ತ ಒಂದಾದರೂ ಕಾಯಿ ಎದ್ದಿರುವ ಸಾಧ್ಯತೆ ಹೆಚ್ಚು.

ಗಿಡುಗ ಮತ್ತು ಆನೆ: 8×8ಕ್ಕೆ ಸಿದ್ಧವಾದ ಜೋಡಿ

ಗ್ರ್ಯಾಂಡ್‌ಮಾಸ್ಟರ್ ಯಾಸಿರ್ ಸೈರವಾನ್ ಮತ್ತು ಬ್ರೂಸ್ ಹಾರ್ಪರ್ 2007ರಲ್ಲಿ ತಂದ ಸೈರವಾನ್ ಚೆಸ್‌ನಲ್ಲಿ ಮಣೆಯೂ ಹಳೆಯದೇ, 16 ಕಾಯಿಗಳ ಜೋಡಣೆಯೂ ಹಳೆಯದೇ. ಪ್ರತಿ ಆಟಗಾರನ ಕೈಯಲ್ಲಿ ಎರಡು ಹೆಚ್ಚಿನ ಕಾಯಿ ಇರುತ್ತವೆ: ಗಿಡುಗ ಮತ್ತು ಆನೆ. ಗಿಡುಗ ಬಿಷಪ್‌ನಂತೆಯೂ ಕುದುರೆಯಂತೆಯೂ ನಡೆಯುತ್ತದೆ. ಆನೆ ರಥದಂತೆಯೂ ಕುದುರೆಯಂತೆಯೂ. ಇಲ್ಲಿ ಆನೆ ಎಂಬ ಹೆಸರು ಕನ್ನಡದ ಕಿವಿಗೆ ಸರಿಯಾಗಿ ಕೂರುತ್ತದೆ: ನಮ್ಮ ಮೂಲೆಯ ಆನೆಗೇ ಕುದುರೆಯ ಕಾಲು ಬಂದಂತೆ.

ಒಳತರುವ ಕ್ರಮ ಹೀಗೆ. ಹಿಂದಿನ ಸಾಲಿನ ಯಾವುದಾದರೂ ಕಾಯಿ ತನ್ನ ಮೂಲಸ್ಥಾನದಿಂದ ಮೊದಲ ಸಲ ಎದ್ದಾಗ, ಅದೇ ನಡೆಯಲ್ಲಿ, ಅದು ಖಾಲಿ ಮಾಡಿದ ಮನೆಯಲ್ಲಿ ಗಿಡುಗವನ್ನೋ ಆನೆಯನ್ನೋ ಇಡಬಹುದು. ಒಂದು ನಡೆಗೆ ಒಂದೇ. ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜ, ರಥ ಎರಡನ್ನೂ ಸರಿಸುವುದು) ಮಾಡುವಾಗ ರಾಜನ ಮನೆ ಅಥವಾ ರಥದ ಮನೆ, ಎರಡರಲ್ಲಿ ಒಂದರಲ್ಲಿ ಮಾತ್ರ. ಕೊನೆಯ ಸಾಲು ಮುಟ್ಟಿದ ಕಾಲಾಳು ಗಿಡುಗವೋ ಆನೆಯೋ ಆಗಬಹುದು. ಹಿಂದಿನ ಸಾಲಿನ ಎಂಟೂ ಕಾಯಿಗಳು ಎದ್ದುಹೋದರೆ ಅಥವಾ ಹೊಡೆತ ತಿಂದರೆ, ಒಳತರದ ಕಾಯಿ ಕೈಯಲ್ಲೇ ವ್ಯರ್ಥ.

ಜಿ1ರ ಕುದುರೆ ಎದ್ದಾಗ ಅಲ್ಲಿ ಆನೆ ಇಡುವುದು ಎಲ್ಲರಿಗೂ ಮೊದಲು ತೋಚುವ ನಡೆ, ಮೊದಲ ತಪ್ಪೂ ಅದೇ. ಆ ಬದಿಯ ಕ್ಯಾಸ್ಲಿಂಗ್ ದಾರಿಯಲ್ಲೇ ಆನೆ ನಿಂತಿರುತ್ತದೆ. ಅದನ್ನು ಎಬ್ಬಿಸದೆ ರಾಜ ಬದಿಗೆ ಸರಿಯಲಾಗದು. ಆನೆಯನ್ನು ಕ್ಯಾಸ್ಲಿಂಗ್ ಹೊತ್ತಿಗೆ ಉಳಿಸಿಕೊಂಡು ಇ1ರಲ್ಲಿ ಇಟ್ಟರೆ ಅದಕ್ಕೆ ನಡುಗೆರೆಯೇ ಸಿಗುತ್ತದೆ. ಗಿಡುಗವನ್ನು ಬೇಗ ಇಳಿಸಬಹುದು, ಕುದುರೆಯ ಜಿಗಿತ ಇರುವುದರಿಂದ ಕಾಲಾಳುಗಳ ಹಿಂದೆ ಸಿಕ್ಕಿಬೀಳುವುದಿಲ್ಲ. ಹಾಗೆಂದು ರಾಣಿ, ಗಿಡುಗ ಎರಡನ್ನೂ ಐದನೇ ನಡೆಯೊಳಗೆ ಮುಂದೆ ಕಳಿಸಿದರೆ ಎದುರಾಳಿ ಚಿಕ್ಕ ಕಾಯಿಗಳಿಂದ ಅಟ್ಟುತ್ತ ತನ್ನ ಸೇನೆ ಹೊರತೆಗೆಯುತ್ತಾನೆ.

ಬೆಲೆಯಲ್ಲಿ ಆನೆ ರಾಣಿಗೆ ಹತ್ತಿರ, ಗಿಡುಗ ಆನೆಗಿಂತ ಸ್ವಲ್ಪ ಕಡಿಮೆ. ಆದರೆ ಗಿಡುಗಕ್ಕೆ ರಾಣಿಗೂ ಇಲ್ಲದ ಒಂದು ಶಕ್ತಿ ಇದೆ: ತನ್ನ ರಾಜನ ನೆರವಿಲ್ಲದೆ ಒಂಟಿಯಾಗಿ ಮೂಲೆಯ ರಾಜನಿಗೆ ಚೆಕ್‌ಮೇಟ್ ಕೊಡಬಲ್ಲದು. ಎದುರಾಳಿ ರಾಜ ಎ1ರಲ್ಲಿದ್ದು ಗಿಡುಗ ಸಿ3ಕ್ಕೆ ಬಂದರೆ ಓರೆಯಲ್ಲಿ ಬಿ2, ಎ1, ಕುದುರೆ ಜಿಗಿತದಲ್ಲಿ ಎ2, ಬಿ1, ಎಲ್ಲ ಮುಚ್ಚಿತು. ಗಿಡುಗ ಮಣೆಯಲ್ಲಿರುವಾಗ ರಾಜನನ್ನು ಮೂಲೆಗೆ ಕಳಿಸಿ ನಿಶ್ಚಿಂತೆಯಿಂದ ಇರುವ ಹಳೆಯ ಅಭ್ಯಾಸ ಬಿಡಬೇಕು.

ಮಸ್ಕಟೀರ್ ಚೆಸ್ ಎಂಬ ಇನ್ನೊಂದು ಆಟದಲ್ಲೂ ಗಿಡುಗ, ಆನೆ ಎಂಬ ಕಾಯಿಗಳಿವೆ, ನಡೆ ಪೂರ್ತಿ ಬೇರೆ. ಅಲ್ಲಿ ಗಿಡುಗ ಯಾವ ದಿಕ್ಕಿಗಾದರೂ ಸರಿಯಾಗಿ ಎರಡನೇ ಅಥವಾ ಮೂರನೇ ಮನೆಗೆ ಹಾರುತ್ತದೆ, ಆನೆ ಯಾವ ದಿಕ್ಕಿಗಾದರೂ ಒಂದು ಅಥವಾ ಎರಡು ಮನೆ. ಕಾಯಿ ಕೊಳ್ಳುವವರು ಪೆಟ್ಟಿಗೆಯೊಳಗಿನ ನಿಯಮದ ಹಾಳೆ ಓದಿಯೇ ಆಡಲು ಕೂರಬೇಕು.

8×8 ಮಣೆಗೆ ಒಂದೇ ಆಯ್ಕೆ ಹೇಳಿ ಎಂದರೆ ನಮ್ಮದು ಇದೇ. ನಿಯಮ ಕಲಿಯಲು ಹತ್ತು ನಿಮಿಷ ಸಾಕು, ಆಟದ ಆರಂಭ ಕೆಡುವುದಿಲ್ಲ.

ಸಿಂಹ ಮತ್ತು ಮಿಡತೆ

ಚೂ ಶೋಗಿಯ ಸಿಂಹ ಒಂದೇ ಸರದಿಯಲ್ಲಿ ರಾಜನಂತೆ ಎರಡು ಹೆಜ್ಜೆ ಇಡಬಹುದು, ಅಥವಾ ಸುತ್ತಲಿನ 5×5 ಚೌಕದ 24 ಮನೆಗಳಲ್ಲಿ ಎಲ್ಲಿಗಾದರೂ ನೇರವಾಗಿ ಹಾರಬಹುದು. ಎರಡು ಹೆಜ್ಜೆಯಲ್ಲಿ ಎರಡು ಕಾಯಿ ಹೊಡೆಯಬಹುದು. ಪಕ್ಕದ ಕಾಯಿಯನ್ನು ಹೊಡೆದು ಮತ್ತೆ ತನ್ನ ಮನೆಗೇ ಮರಳಬಹುದು. ಈ ಕೊನೆಯ ಶಕ್ತಿಯೇ ಸಣ್ಣ ಮಣೆಯಲ್ಲಿ ಆಟ ಕೆಡಿಸುತ್ತದೆ. ಚದುರಂಗದಲ್ಲಿ ಒಂದು ಕಾಯಿಗೆ ಇನ್ನೊಂದು ಕಾವಲು ಎಂದರೆ "ಹೊಡೆದರೆ ನಾನೂ ಹೊಡೆಯುತ್ತೇನೆ" ಎಂಬ ಎಚ್ಚರಿಕೆ. ಹೊಡೆದು ಮರಳಿ ಹೋಗುವ ಸಿಂಹದ ಮುಂದೆ ಆ ಎಚ್ಚರಿಕೆಗೆ ಬೆಲೆ ಇಲ್ಲ. ಚೂ ಶೋಗಿಯ ಮಣೆ 12×12, ಪ್ರತಿ ಕಡೆ 46 ಕಾಯಿ, ಮೇಲಾಗಿ ಸಿಂಹ ಸಿಂಹವನ್ನು ಹೊಡೆಯುವುದಕ್ಕೆ ಪ್ರತ್ಯೇಕ ನಿರ್ಬಂಧಗಳಿವೆ. ಅಷ್ಟೆಲ್ಲ ಇದ್ದಾಗಲೇ ಅದು ಸೊಗಸು. ಸಿಂಹ ಬೇಕೆಂದರೆ ಚೂ ಶೋಗಿಯನ್ನೇ ಕಲಿಯಿರಿ, ಸಿಂಹವನ್ನು ಕಿತ್ತು ತರಬೇಡಿ.

ಮಿಡತೆ 1913ರಲ್ಲಿ ಟಿ. ಆರ್. ಡಾಸನ್ ತಂದ ಕಾಯಿ. ರಾಣಿಯ ಗೆರೆಗಳಲ್ಲಿ ಸಾಗಿ, ಎದುರಾದ ಮೊದಲ ಕಾಯಿಯನ್ನು ಹಾರಿ, ಅದರ ಹಿಂದಿನ ಮನೆಯಲ್ಲೇ ಇಳಿಯಬೇಕು. ಅಲ್ಲಿ ಎದುರಾಳಿ ಇದ್ದರೆ ಹೊಡೆಯಬಹುದು. ಹಾರಲು ಕಾಯಿ ಇಲ್ಲದಿದ್ದರೆ ನಡೆಯೇ ಇಲ್ಲ. ಮಣೆ ತುಂಬಿರುವಾಗ ಚುರುಕು, ಕೊನೆಗೆ ನಾಲ್ಕೈದು ಕಾಯಿ ಉಳಿದಾಗ ಕಲ್ಲಿನಂತೆ ಕೂತುಬಿಡುತ್ತದೆ. ಚೆಸ್ ಸಮಸ್ಯೆ ಕಟ್ಟುವವರಿಗೆ ಇದು ಅಚ್ಚುಮೆಚ್ಚು, ಚಿತ್ರದಲ್ಲಿ ತಲೆಕೆಳಗಾದ ರಾಣಿಯಾಗಿ ಬರೆಯುತ್ತಾರೆ. ಎದುರುಬದುರು ಕೂತು ಆಡುವ ಪೂರ್ತಿ ಆಟಕ್ಕೆ ಹೊಂದುವುದಿಲ್ಲ.

ಸೇರಿಸುವ ತಾಪತ್ರಯ ಬೇಡ, ಪ್ರಾಣಿಗಳದೇ ಆಟ ಬೇಕು ಎಂದರೆ

ಚಿಕ್ಕ ಮಕ್ಕಳಿಗೆ ದೋಬುತ್ಸು ಶೋಗಿ. 2008ರಲ್ಲಿ ಜಪಾನಿನ ವೃತ್ತಿಪರ ಆಟಗಾರ್ತಿ ಮದೋಕ ಕಿಟಾವೊ ನಿಯಮ ರೂಪಿಸಿದರು, ಮೈಕೊ ಫುಜಿತ ಚಿತ್ರ ಬರೆದರು. ಮಣೆ 3×4, ಹನ್ನೆರಡೇ ಮನೆ. ಪ್ರತಿ ಕಡೆ ನಾಲ್ಕೇ ಕಾಯಿ. ಹಿಂದಿನ ಸಾಲಿನ ನಡುವೆ ಸಿಂಹ, ಆಟಗಾರನ ಬಲಕ್ಕೆ ಜಿರಾಫೆ, ಎಡಕ್ಕೆ ಆನೆ, ಸಿಂಹದ ಮುಂದೆ ಕೋಳಿಮರಿ. ಸಿಂಹ ಎಲ್ಲ ದಿಕ್ಕಿಗೂ ಒಂದು ಮನೆ, ಜಿರಾಫೆ ನೇರಕ್ಕೆ, ಆನೆ ಓರೆಗೆ, ಮರಿ ಮುಂದಕ್ಕೆ ಮಾತ್ರ. ಕಾಯಿಯ ಮೇಲೆ ನಡೆಯ ಚುಕ್ಕೆಗಳು ಇರುವುದರಿಂದ ಓದಲು ಬಾರದ ಮಗುವೂ ಆಡಬಹುದು. ಹೊಡೆದ ಕಾಯಿ ನಿಮ್ಮದಾಗುತ್ತದೆ. ಸರದಿ ಬಂದಾಗ ಖಾಲಿ ಮನೆಯಲ್ಲಿ ಇಡಬಹುದು. ಮರಿ ಕೊನೆಯ ಸಾಲಿಗೆ ನಡೆದು ಹೋದರೆ ಕೋಳಿಯಾಗುತ್ತದೆ, ಕೈಯಿಂದ ಅಲ್ಲಿ ಇಟ್ಟರೆ ಆಗದು. ಹೊಡೆದ ಕೋಳಿ ಮತ್ತೆ ಮರಿಯಾಗಿಯೇ ಕೈಸೇರುತ್ತದೆ. ಎದುರಾಳಿಯ ಸಿಂಹ ಹಿಡಿದರೆ ಗೆಲುವು. ನಿಮ್ಮ ಸಿಂಹ ಆಚೆ ಸಾಲು ಮುಟ್ಟಿ, ಕೂಡಲೇ ಹೊಡೆತ ತಿನ್ನದಿದ್ದರೂ ಗೆಲುವು. ಈ ಎರಡನೆಯದನ್ನು ಮರೆತು ಸೋಲುವವರು ಬಹಳ. ಎರಡೂ ಕಡೆ ತಪ್ಪಿಲ್ಲದೆ ಆಡಿದರೆ ಎರಡನೆಯವರು 78ನೇ ನಡೆಗೆ ಗೆಲ್ಲುತ್ತಾರೆ ಎಂದು 2009ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಲಾಗಿದೆ. ಮನುಷ್ಯರ ಆಟಕ್ಕೆ ಅದರಿಂದ ಏನೂ ಕೊರತೆಯಿಲ್ಲ.

ದೊಡ್ಡವರಿಗೆ, ಅದರಲ್ಲೂ ಆರಂಭದ ನಡೆಗಳನ್ನು ಬಾಯಿಪಾಠ ಮಾಡಿ ಬೇಸತ್ತವರಿಗೆ ಅರಿಮಾ. ಒಮರ್ ಸೈಯದ್ ಮಗ ಆಮಿರ್ ಜೊತೆ ಸೇರಿ ರೂಪಿಸಿದ ಆಟ, ಇರುವ ಸೆಟ್ಟಿನಲ್ಲೇ ಆಡಬಹುದು. ರಾಜ ಆನೆಯಾಗುತ್ತಾನೆ, ರಾಣಿ ಒಂಟೆ, ರಥ ಕುದುರೆ, ಬಿಷಪ್ ನಾಯಿ, ಕುದುರೆ ಬೆಕ್ಕು, ಕಾಲಾಳು ಮೊಲ. ಸಿ3, ಎಫ್3, ಸಿ6, ಎಫ್6ರಲ್ಲಿ ನಾಣ್ಯದ ಗಾತ್ರದ ಕಾಗದ ಅಂಟಿಸಿ, ಅವು ಬೋನುಗಳು. ಪ್ರತಿಯೊಬ್ಬರೂ ಮೊದಲೆರಡು ಸಾಲಿನಲ್ಲಿ ಇಷ್ಟ ಬಂದಂತೆ ಕಾಯಿ ಜೋಡಿಸಬಹುದು. ಸರದಿಗೆ ನಾಲ್ಕು ಹೆಜ್ಜೆ, ಒಂದೇ ಪ್ರಾಣಿಗೋ ಹಲವಕ್ಕೋ ಹಂಚಬಹುದು. ದೊಡ್ಡ ಪ್ರಾಣಿ ಚಿಕ್ಕದನ್ನು ತಳ್ಳಬಹುದು, ಎಳೆಯಬಹುದು. ದೊಡ್ಡದರ ಪಕ್ಕ ನಿಂತ ಚಿಕ್ಕದು ತನ್ನವರು ಯಾರೂ ಪಕ್ಕದಲ್ಲಿಲ್ಲದಿದ್ದರೆ ಅಲುಗಾಡದು. ಬೋನಿನಲ್ಲಿ ನಿಂತ ಪ್ರಾಣಿಯ ಪಕ್ಕ ತನ್ನವರಿಲ್ಲದಿದ್ದರೆ ಅದು ಮಣೆಯಿಂದ ಹೊರಗೆ. ಒಂದು ಮೊಲ ಆಚೆ ತುದಿ ಮುಟ್ಟಿದರೆ ಗೆಲುವು. ಹೊಸಬರು ಮೊಲಗಳನ್ನು ಬೇಗ ಓಡಿಸುತ್ತಾರೆ; ಮೊಲ ಹಿಂದಕ್ಕೆ ಬರಲಾರದು, ಮುಂದೆ ಹೋದದ್ದು ಒತ್ತೆಯಾಳಾಗುತ್ತದೆ. ಕಾವಲಿಗಿದ್ದ ಪ್ರಾಣಿಯನ್ನು ಬೇರೆಡೆಗೆ ಸರಿಸಿ ಬೋನಿನಲ್ಲಿದ್ದ ತನ್ನದನ್ನೇ ಕಳೆದುಕೊಳ್ಳುವುದು ಇನ್ನೊಂದು ತಪ್ಪು. ಕಂಪ್ಯೂಟರಿಗೆ ಕಷ್ಟವಾಗಲಿ ಎಂದೇ ಕಟ್ಟಿದ ಆಟವಿದು. 2015ರಲ್ಲಿ ಡೇವಿಡ್ ವೂ ಬರೆದ ಶಾರ್ಪ್ ಎಂಬ ಪ್ರೋಗ್ರಾಂ ಕೊನೆಗೂ ಮನುಷ್ಯರನ್ನು ಸೋಲಿಸುವ ಪಂತ ಗೆದ್ದಿತು.

ಹಕ್ಕಿಗಳೇ ಬೇಕೆಂದರೆ 7×7 ಮಣೆಯ ತೋರಿ ಶೋಗಿ ಇದೆ, ಫೀನಿಕ್ಸ್‌ನಿಂದ ಗುಬ್ಬಚ್ಚಿ ಗಾತ್ರದ ಬಾನಾಡಿಯವರೆಗೆ 32 ಕಾಯಿಗಳೂ ಹಕ್ಕಿಗಳೇ. ಶೋಗಿಯ ರುಚಿ ಮೊದಲೇ ಇರುವವರಿಗೆ ಮಾತ್ರ ಹೇಳಿದ್ದು. ಗೌಜಿಗ ಹಕ್ಕಿಗಳ ಎಡ ಬಲ ನಡೆ ಬೇರೆ ಬೇರೆ, ಕಲಿಯಲು ತಾಳ್ಮೆ ಬೇಕು.

ಕಾಯಿ ಮಾಡಿಕೊಳ್ಳುವುದು

ಒಂದು ಹೊಸ ಪ್ರಾಣಿಗಾಗಿ ಸೆಟ್ ಕೊಳ್ಳಬೇಕಿಲ್ಲ. ಹಳೆಯ, ಅಳತೆಯಲ್ಲಿ ಸ್ವಲ್ಪ ಚಿಕ್ಕದಾದ ಇನ್ನೊಂದು ಸೆಟ್ ಸಿಕ್ಕರೆ ಅದರ ರಥವನ್ನೇ ಆನೆ ಎಂದು, ಬಿಷಪ್ ಅನ್ನೇ ಗಿಡುಗ ಎಂದು ಬಳಸಿ. ಕತ್ತಿಗೆ ಕೆಂಪು ದಾರ ಸುತ್ತಿದರೆ ಗುರುತು ಸಿಗುತ್ತದೆ. ರಥವನ್ನು ತಲೆಕೆಳಗಾಗಿಸಿ ಇಡುವ ಅಭ್ಯಾಸ ಬೇಡ. ಎಷ್ಟೋ ಮನೆಗಳಲ್ಲಿ ತಲೆಕೆಳಗಾದ ರಥ ಎಂದರೆ ಎರಡನೇ ರಾಣಿ, ಕಾಲಾಳು ಬಡ್ತಿ ಪಡೆದಾಗ ಎಡವಟ್ಟಾಗುತ್ತದೆ.

ಆಟಿಕೆ ಪ್ರಾಣಿಗಳನ್ನು ಬಳಸುವುದಾದರೆ ಪಾದದ ಅಗಲ ಅಳೆದು ತನ್ನಿ. ಮನೆಯ ಅಗಲ 5ರಿಂದ 6 ಸೆಂಟಿಮೀಟರ್ ಇರುವ ಮಣೆಯಲ್ಲಿ ಪಾದ 4 ಸೆಂಟಿಮೀಟರ್ ಮೀರಿದರೆ ಪಕ್ಕದ ಕಾಯಿ ಎತ್ತುವಾಗ ಕೈ ತಾಗಿ ಬೀಳುತ್ತದೆ. ನಾಲ್ಕು ಕಾಲಿನ ಪ್ಲಾಸ್ಟಿಕ್ ಜಿರಾಫೆ ತನ್ನಷ್ಟಕ್ಕೇ ವಾಲುತ್ತದೆ. ಬಾಟಲಿ ಮುಚ್ಚಳದ ಮೇಲೆ ಅಂಟಿಸಿ. ಐದು ನಡೆಯ ಆನೆಗೆ ಮುಂದು ಹಿಂದು ಬೇರೆ ಬೇರೆ ಆದ್ದರಿಂದ ಅದರ ಸೊಂಡಿಲು ಯಾವಾಗಲೂ ಎದುರಾಳಿಯ ಕಡೆಗಿರಲಿ. ಚನ್ನಪಟ್ಟಣದ ಕಡೆ ಮರದ ಕಾಯಿ ಕಡೆಸುವುದಾದರೆ ಎರಡೂ ಬಣ್ಣದ ಒಂದೊಂದು ಕಾಯಿ ಮಾದರಿಗೆ ಕೊಟ್ಟುಬನ್ನಿ, ಬಾಯಲ್ಲಿ ಹೇಳಿದ ಅಳತೆ ನಂಬಿ ಬರಬೇಡಿ.

ಮಾಡಿಸುವ ಮೊದಲು ಕಾಗದದ ಬಿಲ್ಲೆಗಳಲ್ಲಿ ಹತ್ತು ಆಟ ಆಡಿ ನೋಡಿ. ಸೈರವಾನ್, ಶಾಕೋ, ದೋಬುತ್ಸು, ತೋರಿ ಶೋಗಿ, ಸಿಟ್ಟುಯಿನ್‌ಗಳನ್ನು ಪೈಚೆಸ್ ತಾಣದಲ್ಲಿ ಪುಕ್ಕಟೆ ಆಡಬಹುದು. ನೀವೇ ಕಟ್ಟಿದ ಜೋಡಣೆಯಾದರೆ ಫೇರಿ ಸ್ಟಾಕ್‌ಫಿಶ್ ಎಂಬ ಚೆಸ್ ಆಡುವ ಪ್ರೋಗ್ರಾಂಗೆ ಕಾಯಿಯ ನಡೆ ಬರೆದುಕೊಟ್ಟು ಅದರ ವಿರುದ್ಧವೇ ಆಡಿಸಿ. ಆಟದ ಮೊದಲ ಮೂರು ನಡೆಯೊಳಗೆ ತಡೆಯಲಾಗದ ಚೆಕ್‌ಮೇಟ್ ಇದ್ದರೆ ಅದು ಒಂದು ನಿಮಿಷದಲ್ಲಿ ಹೇಳುತ್ತದೆ. ಹತ್ತು ಆಟದ ಕೊನೆಗೆ ಆ ಪ್ರಾಣಿ ಎಷ್ಟು ಆಟಗಳಲ್ಲಿ ಐದಕ್ಕಿಂತ ಹೆಚ್ಚು ಸಲ ನಡೆಯಿತು ಎಂದು ಎಣಿಸಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಆ ನಡೆ ಈ ಮಣೆಗಲ್ಲ, ಬೇರೆ ಆನೆ ಹುಡುಕಿ.